ಐದನೆಯ ಚೂರಿ

ಪಾರ್ಸಲ್ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂರುವ ಆ ಕನ್ನಡಕದವನ ಮೇಲೆ ನನಗೆ ಇವತ್ತಿಗೂ ಸಿಟ್ಟು ಆರಿಲ್ಲ. ಆರುವುದೂ ಇಲ್ಲ. ಒಂದು ಗೇಣುದ್ದದ ಚೂರಿಯ ಪಾರ್ಸಲ್ಲನ್ನು ಇಪ್ಪತ್ತಾರು ದಿನ ಹಿಡಿದಿಟ್ಟುಕೊಂಡ. "ಇದು ಆಯುಧ" ಅಂದ. ನಾನು ಇಪ್ಪತ್ತೆಂಟು ವರ್ಷದಿಂದ ಮಾಂಸದಂಗಡಿ ಇಟ್ಟವನು. "ಸ್ವಾಮೀ, ನಿಮ್ಮ ಮನೇಲಿ ಈರುಳ್ಳಿ ಹೆಚ್ಚೋದು ಹಲ್ಲಿನಿಂದಾನಾ?" ಅಂತ ಕೇಳಿದೆ. ಅದಕ್ಕೆ ಅವನು ಇನ್ನೊಂದು ಫಾರಂ ಕೊಟ್ಟ.

"ಬೆಲೆ ಯಾಕೆ ಬರೆದಿಲ್ಲ?"

"ಕಳಿಸಿದವರನ್ನ ಕೇಳಿ."

"ಕಳಿಸಿದವರು ಯಾರು?"

"ಅದು ನಮಗೂ ಗೊತ್ತಿಲ್ಲ."

ಇದಾದ ಮೇಲೆ ಅವನು ಫಾರಂ ಕೊಡುವುದನ್ನೂ ನಿಲ್ಲಿಸಿದ. ನಾನು ಕಿಟಕಿಯ ಕಟ್ಟೆಗೆ ಗುದ್ದಿದೆ, ಕಾವಲುಗಾರ ಬಂದ, ನನ್ನ ಹೆಂಡತಿ ನನ್ನ ಅಂಗಿಯ ತುದಿ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಆ ಪಾರ್ಸಲ್ ಸರಿಯಾದ ಹೊತ್ತಿಗೆ ಬಂದಿದ್ದರೆ ನೇರ ನನ್ನ ಭಾವನ ಕೈಗೆ ಹೋಗುತ್ತಿತ್ತು. ತಾವು ತಿಳಿಯಬೇಕಾದ್ದನ್ನು ತಿಳಿದುಕೊಂಡು ಅವರು ಹೋಗುತ್ತಿದ್ದರು. ಅದೊಂದೇ ನನ್ನ ತಕರಾರು.

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ಮಾರ್ಕೆಟ್ಟಿನವರಿಗೆಲ್ಲ ಅವರು ಕಿಡಿಯಣ್ಣ. ಹದಿಮೂರನೇ ವಯಸ್ಸಿಗೆ ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಬೀದಿ ಬೀದಿ ಸುತ್ತಲು ಹೊರಟವರು, ನಲವತ್ತರ ಹೊತ್ತಿಗೆ ಒಂದು ಅಂಗಡಿ ಮಾಡಿದರು. ಅಂಗಡಿ ಅಂದರೆ ಏನು, ವಾಚ್ ರಿಪೇರಿಯವನ ಗೋಡೆಗೂ ದರ್ಜಿಯ ಗೋಡೆಗೂ ನಡುವೆ ಉಳಿದಿದ್ದ ಒಂದು ಸಂದು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು. ಇಬ್ಬರೂ ಕೂತರೆ ಚಕ್ರ ಬೀದಿಗೆ ಹೋಗಬೇಕು. ಮದುವೆ ಮಾಡಿಕೊಳ್ಳಲಿಲ್ಲ. ಯಾರಾದರೂ ಕೇಳಿದರೆ, "ಕಿಡಿ ಹಾರೋ ಜಾಗದಲ್ಲಿ ಹತ್ತಿ ಯಾಕಪ್ಪಾ ತಂದಿಡೋದು" ಅಂದು ಚಕ್ರ ತುಳಿಯುತ್ತಿದ್ದರು. ನನಗೆ ಪಟಾಕಿ ಅಂತ ಹೆಸರಿಟ್ಟವರೂ ಅವರೇ. "ಬತ್ತಿ ಯಾರು ಹಚ್ಚಿದರೋ ಪಟಾಕಿ, ಇವತ್ತು?" ಅಂತ ಕೇಳಿದರೆ ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು.

ಅವರ ಕೆಲಸದಲ್ಲಿ ಒಂದು ವಿಚಿತ್ರ ಇತ್ತು. ಯಾವ ಚೂರಿ ಬಂದರೂ ಅದನ್ನು ಕೂಡಲೇ ಕಲ್ಲಿಗೆ ಹಚ್ಚುತ್ತಿರಲಿಲ್ಲ. ಮೊದಲು ಬೆಳಕಿಗೆ ಹಿಡಿಯುವುದು. ಉಗುರಿನ ಮೇಲೆ ಅಲಗನ್ನು ಮೆಲ್ಲಗೆ ಎಳೆಯುವುದು. ಪಕ್ಕದ ವಾಚಿನವನಿಂದ ಕಣ್ಣಿಗೆ ಹಾಕುವ ಗಾಜು ಇಸಿದುಕೊಂಡು ಬುಡದಿಂದ ಮೊನೆಯವರೆಗೆ ನೋಡುವುದು. "ಮೊದಲು ಅದು ಹೇಳೋದನ್ನ ಕೇಳಿಸ್ಕೋಬೇಕು ಕಣೋ. ಕಲ್ಲಿಗೆ ಹಚ್ಚಿದ ಮೇಲೆ ಅದು ಮೂಗಿ" ಅನ್ನುತ್ತಿದ್ದರು. ಒಂದು ಸಲ ನನ್ನ ಚೂರಿ ನೋಡಿ, "ಬಲ ಭುಜ ನೋಯ್ತಾ ಇದೆಯಾ?" ಅಂದರು. ನಾನು ಹೆಂಡತಿಗೂ ಹೇಳಿರಲಿಲ್ಲ.

ಆಮೇಲೆ ಅಗ್ಗದ ಚೂರಿಗಳು ಬಂದವು. ಮೊಂಡಾದರೆ ಬಿಸಾಕು, ಇನ್ನೊಂದು ತಗೋ. ಸಾಣೆಗೆ ಬರುವವರು ಕಡಿಮೆಯಾದರು. ಆದರೆ ಹೋಟೆಲಿನ ಅಡಿಗೆಯವರಿಗೆ ಹಳೇ ಕಾಲದ ಗಟ್ಟಿ ಉಕ್ಕು ಬೇಕು, ಅದು ಸಿಗುವುದು ಸಮುದ್ರದ ಆಚೆಯ ಮಾರಾಟಗಾರರ ಹತ್ತಿರ, ಫೋನಿನಲ್ಲಿ. ಫೋನು ನನ್ನ ಹೆಂಡತಿಯದು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು, ಅದರಲ್ಲಿ ಪಳಗಿದವಳು. ಭಾನುವಾರ ಮಧ್ಯಾಹ್ನ ಅಣ್ಣ ತಂಗಿ ಇಬ್ಬರೂ ಅಡಿಗೆಮನೆಯ ಮೇಜಿಗೆ ಕೂತು ಚೂರಿ ಹುಡುಕುವುದು ಶುರುವಾಯಿತು.

ಮೊದಮೊದಲು ಟೋಪಿ ಹಾಕಿಸಿಕೊಂಡರು. ಫೋಟೋದಲ್ಲಿ ಆನೆ ಸೀಳುವಂತೆ ಇದ್ದದ್ದು ಬಂದಾಗ ನನ್ನ ಕಿರುಬೆರಳಿನಷ್ಟು.

"ಅಳತೆ ಬರೆದಿತ್ತಲ್ಲ, ನೋಡಲಿಲ್ಲವಾ?" ಅಂತ ನಾನು ಕೂಗಾಡಿದೆ.

"ಬಿಡ್ರೀ. ನಿಮ್ಮ ಹಲ್ಲುಸಂದಿಗೆ ಆಗತ್ತೆ" ಅಂದಳು ಹೆಂಡತಿ. ಭಾವ ನಗು ತಡೆಯಲಾಗದೆ ಕೆಮ್ಮಿದರು. ಆಗಲೇ ಆ ಕೆಮ್ಮು ಶುರುವಾಗಿತ್ತು. ನಲವತ್ತೆಂಟು ವರ್ಷ ಕಲ್ಲಿನ ಧೂಳು ಕುಡಿದ ಎದೆ.

ಆಮೇಲೆ ಒಬ್ಬರು ಮಾರಾಟಗಾರರು ಸಿಕ್ಕರು. ಹೆಸರಿಲ್ಲ, ಮುಖವಿಲ್ಲ. ಪುಟದಲ್ಲಿ ಒಂದೇ ಒಂದು ಚೂರಿ ಮಾರಾಟಕ್ಕಿತ್ತು. ಬಿಳಿ ಮೇಜು, ಅದರ ಮೇಲೆ ದೊಡ್ಡ ಹೆಚ್ಚುವ ಚೂರಿ, ಹಿಂದೆ ಮಸುಕಾಗಿ ಒಂದು ಕಿಟಕಿ. ಒಳ್ಳೆಯ ಉಕ್ಕು, ಕೇಳಿದ್ದು ಮಾತ್ರ ಪುಡಿಗಾಸು. ತರಿಸಿದರು. ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನ ಹಾಳೆಯೊಂದರಲ್ಲಿ ಸುತ್ತಿ ಬಂದಿತ್ತು. ಒಳಗೆ ಒಂದು ಚೀಟಿ. ಆ ಭಾಷೆ ನಮಗೆ ಬರದು. ಹೆಂಡತಿ ಫೋನಿಗೆ ತೋರಿಸಿದಳು, ಫೋನು ಅದನ್ನು ಕನ್ನಡಕ್ಕೆ ತಿರುಗಿಸಿತು.

"ಇಷ್ಟವಾಗದಿದ್ದರೂ ದಯವಿಟ್ಟು ಹಿಂದಕ್ಕೆ ಕಳಿಸಬೇಡಿ."

"ಎಲ್ಲಾ ವ್ಯಾಪಾರಿಗಳೂ ಅನ್ನೋದು ಅದನ್ನೇ" ಅಂದೆ ನಾನು.

ಭಾವ ಚೂರಿಯ ಮೊನೆಯನ್ನು ನೋಡುತ್ತಿದ್ದರು. ಅದು ಬಿದ್ದು ಮುರಿದದ್ದಲ್ಲ, ಯಾರೋ ಇಕ್ಕಳದಲ್ಲಿ ಹಿಡಿದು ಬೇಕೆಂದೇ ಮುರಿದದ್ದು.

ಒಂದು ತಿಂಗಳಿಗೆ ಅದೇ ಪುಟದಲ್ಲಿ ಇನ್ನೊಂದು ಬಂತು, ಬ್ರೆಡ್ ಕೊಯ್ಯುವುದು. ಅದನ್ನೂ ತರಿಸಿದರು. ಮೂರನೆಯದು ಮೀನಿನ ಮುಳ್ಳು ಬಿಡಿಸುವ ಸಣ್ಣನೆಯದು. ಮೂರನೆಯದನ್ನು ಭಾವ ನಾಲ್ಕು ದಿನ ನೋಡಿದರು. ಐದನೇ ದಿನ ಬೆಳಿಗ್ಗೆ ನನ್ನ ಅಂಗಡಿಗೆ ಬಂದು, ಮಾಂಸ ಕೊಚ್ಚುವ ಕೊರಡಿನ ಮೇಲೆ ಅದನ್ನಿಟ್ಟರು.

"ಇದನ್ನ ಬಳಸ್ತಿದ್ದದ್ದು ಎಡಗೈಯವಳು. ಸಣ್ಣ ಕೈ. ಹಿಡಿ ಸವೆದಿರೋದು ನೋಡು, ಕಿರುಬೆರಳು ಇಲ್ಲಿ ಬರತ್ತೆ. ಆದರೆ ಮಸೆದಿರೋದು ಅವಳಲ್ಲ. ಮಸೆದವನು ಬಲಗೈ, ಭಾರದ ಕೈ. ಸಿಮೆಂಟಿನ ಮೆಟ್ಟಿಲ ಮೇಲೆ ಮಸೆದಿದ್ದಾನೆ. ಅದೂ ಮೊಂಡಾಗದೇ ಇರೋದನ್ನ."

"ಮೊಂಡಾಗದೇ ಇರೋದನ್ನ ಯಾಕೆ ಮಸೀತಾನೆ?"

"ಅದೇ. ಒಬ್ಬರು ಹೆಚ್ಚೋದು, ಇನ್ನೊಬ್ಬರು ಸುಮ್ಮಸುಮ್ಮನೆ ಕೂತು ಮಸೆಯೋದು." ಭಾವ ನನ್ನ ಮುಖ ನೋಡಲಿಲ್ಲ. "ಇವಳು ಚೂರಿ ಮಾರ್ತಾ ಇಲ್ಲ ಪಟಾಕಿ. ಮನೆಯಿಂದ ಹೊರಗೆ ಹಾಕ್ತಾ ಇದಾಳೆ."

ನಾನು ನಕ್ಕೆ. ಅವರು ನಗಲಿಲ್ಲ.

ಆವತ್ತು ಹೇಳಿದರು. ಅವರಪ್ಪ ಕೆಲಸ ಕಳೆದುಕೊಂಡ ವರ್ಷ, ಮಾತಿಲ್ಲ ಕತೆಯಿಲ್ಲ, ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ಕೂತು ಅಡಿಗೆಮನೆಯ ಚೂರಿ ಮಸೆಯುತ್ತಿದ್ದನಂತೆ. ಸರ್ ಸರ್ ಅಂತ ಇಡೀ ಮಧ್ಯಾಹ್ನ ಆ ಸದ್ದು. ಅಮ್ಮ ಚೂರಿ ಬಚ್ಚಿಡಲು ಶುರು ಮಾಡಿದಳು. ತರಕಾರಿಯನ್ನು ಕೈಯಲ್ಲೇ ಮುರಿದು ಅಡಿಗೆ ಮಾಡುತ್ತಿದ್ದಳು. ನನ್ನ ಹೆಂಡತಿ ಆಗ ತೊಟ್ಟಿಲಲ್ಲಿ. ಭಾವನಿಗೆ ಒಂಬತ್ತು ವರ್ಷ.

"ಒಂದಿನ ಅಪ್ಪ ನನ್ನ ತೊಡೆ ಮೇಲೆ ಕೂರಿಸ್ಕೊಂಡು, ಎಲ್ಲಿಟ್ಟಿದಾಳೆ ಮಗಾ ಅಂತ ಕೇಳಿದ. ಎಷ್ಟು ಅಕ್ಕರೆಯಿಂದ ಕೇಳಿದ ಅಂತೀಯಾ. ಹಿಟ್ಟಿನ ಡಬ್ಬಿ ಅಂದೆ."

ಅತ್ತೆಯ ಎಡಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದು ಉದ್ದದ ಗಾಯದ ಗುರುತು ಇದ್ದದ್ದು ನನಗೆ ನೆನಪಿದೆ. ಒಲೆ ತಗುಲಿದ್ದು ಅಂತ ಸಾಯುವವರೆಗೂ ಹೇಳಿದಳು. ಒಲೆ ಅಷ್ಟು ನೇರ ಗೆರೆ ಎಳೆಯುವುದಿಲ್ಲ.

"ಇದನ್ನ ಪುಟ್ಟಿಗೆ ಹೇಳಬೇಡ" ಅಂದರು ಭಾವ. ತಂಗಿಗೆ ಈಗ ಐವತ್ತೆರಡು, ಆದರೂ ಅವರ ಬಾಯಲ್ಲಿ ಅವಳು ಪುಟ್ಟಿಯೇ.

ಅವಳಿಗೆ ನಾನು ಹೇಳಲಿಲ್ಲ. ಆದರೆ ಅವಳಿಗೂ ಕಣ್ಣಿದೆ. ಚೂರಿ ಸುತ್ತಿ ಬಂದ ಹಾಳೆಗಳನ್ನು ಅವಳು ಡಬ್ಬಿಗಳ ಕೆಳಗೆ ಹಾಸಲು ಎತ್ತಿಟ್ಟಿದ್ದಳು. ಒಂದು ಬೆಳಿಗ್ಗೆ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನಮ್ಮಿಬ್ಬರನ್ನೂ ಕರೆದಳು. ಒಂದರ ಹಿಂದೆ ಒಂದು ಬರುವ ಮೂರು ತಿಂಗಳು. ಮೊದಲ ತಿಂಗಳಲ್ಲಿ ಮೂರು ತಾರೀಕುಗಳ ಸುತ್ತ ಪೆನ್ಸಿಲಿನ ಸೊನ್ನೆ. ಎರಡನೆಯದರಲ್ಲಿ ಏಳು. ಮೂರನೆಯದರಲ್ಲಿ ಎಣಿಸಲು ಹೋಗಿ ಬಿಟ್ಟೆ.

"ರಜೆ ಗುರುತಿರಬಹುದು" ಅಂದೆ.

"ನಾನೂ ಗಂಡನ ಜೊತೆ ಬಾಳೋಳೇ ರೀ" ಅಂದಳು. "ಕೆಟ್ಟ ದಿನಕ್ಕೆ ಹೆಂಗಸರು ಹಾಕೋ ಗುರುತು ನನಗೆ ಗೊತ್ತಾಗತ್ತೆ."

ಜೀವಮಾನದಲ್ಲಿ ನಾನು ಮಾತಿಗೆ ಮಾತು ಕೊಡದೆ ಬಿಟ್ಟದ್ದು ಅದೊಂದೇ ಸಲ.

ನಾಲ್ಕನೆಯದು ಹಣ್ಣು ಸುಲಿಯುವ ಪುಟ್ಟ ಚೂರಿ. ಬಂದ ದಿನ ಭಾವ ತಲೆಯಿಂದ ಒಂದು ಕೂದಲು ಕಿತ್ತು ಅಲಗಿನ ಮೇಲೆ ಬಿಟ್ಟರು. ಎರಡಾಗಿ ಬಿತ್ತು. "ಹಣ್ಣಿನ ಸಿಪ್ಪೆಗೆ ಇಷ್ಟು ಹರಿತ ಯಾರೂ ಕೇಳಲ್ಲ" ಅಂದರು.

ಮಾರಾಟದ ಪುಟದಲ್ಲಿದ್ದ ಆ ಚೂರಿಯ ಫೋಟೋವನ್ನು ಫೋನಿಗೆ ಇಳಿಸಿ ಇಟ್ಟುಕೊಂಡಿದ್ದಳು ನನ್ನ ಹೆಂಡತಿ. ಅದನ್ನು ಬೆರಳಲ್ಲಿ ಹಿಗ್ಗಿಸಿ ನೋಡುವಾಗ ಭಾವ ಅವಳ ಕೈ ಹಿಡಿದು ತಡೆದರು. ಮೇಜಿನ ಹಿಂದೆ, ಕಿಟಕಿಯ ಕೆಳಗೆ, ಚೂರಿ ಸಿಕ್ಕಿಸುವ ಮರದ ತುಂಡು. ಐದು ತೂತು, ಐದೂ ಖಾಲಿ. ಹಳೆಯ ಫೋಟೋಗಳನ್ನು ತೆಗೆಸಿದರು. ಮೊದಲನೆಯದರಲ್ಲಿ ದೊಡ್ಡ ಚೂರಿ ಮೇಜಿನ ಮೇಲೆ, ತುಂಡಿನಲ್ಲಿ ಮೂರು ಹಿಡಿ. ಒಂದು ತೂತು ಆಗಲೇ ಬರಿದು.

"ನಾಲ್ಕೇ ಬಂದಿರೋದು ಪುಟ್ಟಿ. ಐದನೆಯದು ಎಲ್ಲಿ ಅಂತ ಕೇಳು."

ಕೇಳಿದಳು. ಒಂಬತ್ತು ದಿನ ಉತ್ತರವಿಲ್ಲ. ಹತ್ತನೆಯ ದಿನ ಬೆಳಿಗ್ಗೆ, ನಾನು ಅಂಗಡಿಗೆ ಹೊರಡುವ ಹೊತ್ತಿಗೆ, ಫೋನು ಟಣ್ ಅಂದಿತು.

"ಅದನ್ನು ನಾನೂ ಹುಡುಕುತ್ತಿದ್ದೇನೆ. ಅದು ಮನೆಯಲ್ಲೇ ಇದೆ."

ಒಳ್ಳೆ ಬಿಸಿಲಿನ ಬೆಳಿಗ್ಗೆ. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು. ಗಂಡಸು ಅಂತ ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ, ನಾನು ನಮ್ಮ ಅಡಿಗೆಮನೆಯ ಚೂರಿ ಅದರ ಜಾಗದಲ್ಲಿದೆಯಾ ಅಂತ ತಿರುಗಿ ನೋಡಿದೆ.

"ಪೊಲೀಸರಿಗೆ ಹೇಳೋಣ" ಅಂದೆ.

"ಯಾವ ಊರಿನ ಪೊಲೀಸರಿಗೆ? ಯಾರ ಮೇಲೆ?" ಅಂದಳು ಹೆಂಡತಿ. ಪಾರ್ಸಲ್ಲಿನ ಮೇಲಿದ್ದದ್ದು ಒಂದು ಅಂಚೆಪೆಟ್ಟಿಗೆಯ ನಂಬರು ಅಷ್ಟೇ.

ಭಾವ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಒಂದೊಂದೇ ಹೇಳುತ್ತಾ ಹೋದರು, ತಂಗಿ ಬರೆಯುತ್ತಾ ಹೋದಳು. "ಅಡಿಗೆಮನೇಲಿ ಹುಡುಕಬೇಡ, ಅದು ನೀನಿಡೋ ಜಾಗ. ಅವನು ಕೂರೋ ಕಡೆ ನೋಡು. ಹಾಸಿಗೆ ಕೆಳಗೆ ಇರಲ್ಲ, ಅಲ್ಲಿ ನೀನು ಗುಡಿಸ್ತೀಯ. ನೀನು ಮುಟ್ಟದೇ ಇರೋ ವಸ್ತು ಯಾವುದು ಅಂತ ಯೋಚನೆ ಮಾಡು. ಅವನು ಈಗ ಹಾಕಿಕೊಳ್ಳದೇ ಇರೋ ಹಳೇ ಬೂಟು ಇದೆಯಾ?"

ಬೂಟಿನ ಮಾತು ಅವರಿಗೆ ಎಲ್ಲಿಂದ ಬಂತು ಅಂತ ಕೇಳಬೇಕಾಗಿರಲಿಲ್ಲ, ಅದು ಅವರಪ್ಪನ ಬೂಟು. ನನ್ನ ಹೆಂಡತಿ ಬರೆಯುವುದನ್ನು ನಿಲ್ಲಿಸಿ ಅಣ್ಣನನ್ನು ನೋಡಿದಳು. ಮತ್ತೆ ಬರೆದಳು.

ಎರಡು ದಿನ ಬಿಟ್ಟು ಉತ್ತರ ಬಂತು.

"ಬೂಟಿನೊಳಗೆ ಇತ್ತು. ಕಳಿಸುತ್ತೇನೆ."

ಅದೇ ಕೊನೆ. ಸಂಜೆ ನೋಡಿದರೆ ಆ ಪುಟವೇ ಇಲ್ಲ. ಬರೆದರೆ ಹೋಗುವುದಿಲ್ಲ, ಮೊದಲಿನ ಮಾತುಗಳೂ ಅಳಿಸಿಹೋಗಿದ್ದವು. ನಮ್ಮ ಮೂವರಿಗೂ ಒಂದೇ ಯೋಚನೆ: ಅವಳು ಅದನ್ನು ಕಂಡಳು. ಅವಳು ಕಂಡದ್ದನ್ನು ಅವನು ಕಂಡನೋ?

ಆ ದಿನದಿಂದ ಭಾವ ಕಾದರು. ಕೆಮ್ಮಿನಲ್ಲಿ ರಕ್ತ ಬಂತು, ಆಸ್ಪತ್ರೆಗೆ ಸೇರಿಸಿದೆವು. ಮೂಗಿಗೆ ನಳಿಗೆ, ಕಿಟಕಿ ಪಕ್ಕದ ಮಂಚ. ನಾನು ಹೋದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ, "ಬಂತಾ?" ಪಾರ್ಸಲ್ ಬಂದಿತ್ತು. ಮೂರನೇ ಕಿಟಕಿಯ ಹಿಂದೆ, ಆ ಕನ್ನಡಕದವನ ಕಪಾಟಿನಲ್ಲಿ ಕೂತಿತ್ತು.

"ಅದರ ಅಲಗು ಒಂದು ಸಲ ನೋಡಿದರೆ ಸಾಕು" ಅನ್ನುತ್ತಿದ್ದರು. "ಅದು ಬಟ್ಟೆ ದಾಟಿ ಹೋಗಿದ್ದರೆ ಎಳೆ ಸಿಕ್ಕಿರತ್ತೆ. ಮೂಳೆಗೆ ತಾಗಿದ್ದರೆ ಹಲ್ಲು ಬಿದ್ದಿರತ್ತೆ. ಬರೀ ಬೂಟಿನಲ್ಲಿ ಮಲಗಿದ್ದರೆ ಅದೂ ಹೇಳತ್ತೆ. ನನಗೆ ಅಷ್ಟು ಗೊತ್ತಾಗಲಿ ಪಟಾಕಿ. ಒಂದು ಸಲ ನಾನು ತೋರಿಸಿಕೊಟ್ಟಾಗ ಏನಾಯ್ತು ಅಂತ ಗೊತ್ತು. ಈ ಸಲ ತೋರಿಸಿಕೊಟ್ಟದ್ದು ಏನಾಯ್ತು?"

ಇಪ್ಪತ್ತಾರನೇ ದಿನ ಪಾರ್ಸಲ್ ಬಿಟ್ಟರು. ಭಾನುವಾರ ಬೆಳಿಗ್ಗೆ ತಂದುಕೊಟ್ಟದ್ದು ನನ್ನ ಅಂಗಡಿಗೆ. ಭಾನುವಾರದ ಮಾಂಸದಂಗಡಿ ಹೇಗಿರುತ್ತದೆ ಅಂತ ಬಲ್ಲವರು ಬಲ್ಲರು. ಬೀದಿಯವರೆಗೆ ಸಾಲು, ತಕ್ಕಡಿ ಕೆಳಗಿಡಲು ಪುರುಸೊತ್ತಿಲ್ಲ. ಅವತ್ತೇ ನನ್ನ ಮೂಳೆ ಬಿಡಿಸುವ ಚೂರಿಯ ಹಿಡಿ ಕಳಚಿ ಕೈಗೆ ಬಂದಿತ್ತು. ಒಬ್ಬ ತೂಕದಲ್ಲಿ ಮೋಸ ಅಂದ. ನನ್ನ ತಲೆ ಕೆಟ್ಟಿತು. ಅವನ ಜೊತೆ ಕೂಗಾಡುತ್ತಲೇ, ಯಾವ ಪಾರ್ಸಲ್ ಅಂತಲೂ ನೋಡದೆ ಹರಿದೆ, ಒಳಗಿನದು ಸರಿಯಾಗಿ ನನಗೆ ಬೇಕಾದಂಥದೇ, ಬಾಗಿದ ಅಲಗು. ಕೈಗೆ ಹೊಸ ಚೂರಿ ಬಂದರೆ ನಮ್ಮ ಕಸುಬಿನವರು ಏನು ಮಾಡುತ್ತಾರೋ ಅದನ್ನೇ ಕೈ ಮಾಡಿತು. ಕೊಳಾಯಿ ಕೆಳಗೆ ತೊಳೆದೆ. ಕಲ್ಲಿಗೆ ಹಚ್ಚಿ ಮಸೆದೆ. ಕೆಲಸಕ್ಕೆ ನಿಂತೆ.

ಹನ್ನೆರಡು ಗಂಟೆಗೆ ಸಾಲು ಕರಗಿದ ಮೇಲೆ ಕೊರಡಿನ ಕೆಳಗೆ ಬಿದ್ದಿದ್ದ ಸುತ್ತಿದ ಹಾಳೆ ಕಂಡಿತು. ಕ್ಯಾಲೆಂಡರಿನ ಹಾಳೆ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೆಯೇ?

ಏಪ್ರನ್ ಬಿಚ್ಚದೆ ಆಸ್ಪತ್ರೆಗೆ ಓಡಿದೆ. ಭಾವ ದಿಂಬಿಗೆ ಒರಗಿ ಎದ್ದು ಕೂತು ಎರಡೂ ಕೈ ಚಾಚಿದರು. ಚೂರಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಉಗುರಿನ ಮೇಲೆ ಎಳೆದರು. ಅಷ್ಟೇ.

"ಯಾರು ಮಸೆದದ್ದು?"

"ನಾನೇ ಭಾವ."

"ಮುಂಚೆ ಹೇಗಿತ್ತು?"

"ನೋಡಲಿಲ್ಲ."

"ಏನಾದರೂ ಅಂಟಿತ್ತಾ? ಬುಡದಲ್ಲಿ, ಹಿಡಿ ಸೇರೋ ಕಡೆ?"

"ತೊಳೆದೆ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಏನೋ ಅಂದು ಹಗುರಾಗುತ್ತಿದ್ದೆ. ಹಾಳೆ ಕೊಡು ಅಂದರು. ಕೊಟ್ಟೆ. ಇಡೀ ತಿಂಗಳಿನಲ್ಲಿ ಒಂದೇ ಒಂದು ಸೊನ್ನೆಯೂ ಇರಲಿಲ್ಲ. ಮೂವತ್ತು ದಿನವೂ ಶುಭ್ರ.

"ಕೆಟ್ಟ ದಿನ ನಿಂತು ಹೋಯ್ತು ಭಾವ" ಅಂದೆ, ಹುರುಪಿನಿಂದ.

"ಗುರುತು ಹಾಕೋದು ನಿಂತಿದೆ" ಅಂದರು. "ಪಾರ್ಸಲ್ ಕಟ್ಟಿದ ಕೈ ಅವಳದೇ ಅಂತ ಏನು ಗ್ಯಾರಂಟಿ?"

ಭಾವ ಚೂರಿಯನ್ನು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಅವರ ಕಣ್ಣಲ್ಲಿ ಏನೋ ಹೊಳೆದ ಹಾಗಾಯಿತು.

"ಎಷ್ಟು ಎಳೆತಕ್ಕೆ ಹರಿತ ಬಂತು?"

"ಏನು?"

"ಮಸೆದೆಯಲ್ಲ. ಒಂದೊಂದು ಮಗ್ಗುಲಿಗೆ ಎಷ್ಟು ಸಲ ಎಳೆದೆ? ಹಲ್ಲು ಬಿದ್ದಿದ್ದ ಅಲಗು ಮೂವತ್ತು ನಲವತ್ತು ಎಳೆಯದೆ ದಾರಿಗೆ ಬರಲ್ಲ. ಬರೀ ಮಲಗಿದ್ದ ಅಲಗಾದರೆ ಹತ್ತರೊಳಗೆ. ನೆನಪು ಮಾಡ್ಕೋ. ಅವಸರ ಬೇಡ."

"ಎಂಟು" ಅಂದೆ.

"ಎಂಟೇ?"

"ಎಂಟೆಂಟು ಭಾವ. ಒಂದೂ ಹೆಚ್ಚಿಲ್ಲ."

ಅವರ ಮುಖ ಸಡಿಲವಾಯಿತು. ಎಷ್ಟೋ ವರ್ಷದಿಂದ ಬಿಗಿಹಿಡಿದದ್ದನ್ನು ಕೆಳಗಿಟ್ಟವರ ಹಾಗೆ ಹಿಂದಕ್ಕೆ ಒರಗಿದರು. "ಎಂಟೇ ಆದರೆ ಅದು ಬೂಟು ಬಿಟ್ಟು ಬೇರೇನೂ ಕಂಡಿಲ್ಲ ಬಿಡು" ಅಂದರು. "ತಪ್ಪಿಸಿಕೊಂಡಳು." ಚೂರಿಯನ್ನು ನನ್ನ ಕೈಗೆ ಕೊಟ್ಟು, "ಮನೇಲಿ ಇಡಬೇಡ" ಅಂದರು. ತಂಗಿ ಬಂದಾಗ ಅವಳ ಹತ್ತಿರ ಚಹಾ ಕೇಳಿ ಕುಡಿದರು, ಸಕ್ಕರೆ ಸಾಲದು ಅಂತ ಜಗಳವನ್ನೂ ಮಾಡಿದರು. ಅಲ್ಲಿಂದ ಹನ್ನೊಂದನೇ ದಿನ ಬೆಳಿಗ್ಗೆ ನಿದ್ದೆಯಲ್ಲೇ ಹೋದರು.

ನಾನು ಸುಳ್ಳು ಹೇಳಿರಲಿಲ್ಲ. ಹಾಗಂದುಕೊಂಡಿದ್ದೆ. ದಿನಾ ಬೆಳಿಗ್ಗೆ ನನ್ನ ಚೂರಿಗೆ ಎಂಟೆಂಟು ಎಳೆಯುವುದು ನನ್ನ ರೂಢಿ, ಕೇಳಿದಾಗ ಬಾಯಿಗೆ ಅದೇ ಬಂತು.

ಭಾವ ಹೋಗಿ ತಿಂಗಳಾದ ಮೇಲೆ ಒಂದು ಭಾನುವಾರ ಮೂಲೆಮನೆಯ ನಿವೃತ್ತ ಮೇಷ್ಟ್ರು ಸಾಲಿನ ಮುಂದಿದ್ದರು. ನಾನು ಕಲ್ಲಿಗೆ ಕೈ ಹಾಕಿದ್ದೇ ತಡ, "ಅಯ್ಯಯ್ಯೋ, ಬೇಡಪ್ಪಾ ಬೇಡ" ಅಂದರು. "ಆವತ್ತು ಆ ಬಾಗಿದ ಚೂರಿ ಹಿಡ್ಕೊಂಡು ತೂಕದಲ್ಲಿ ಮೋಸ ಅಂದವನ ಜೊತೆ ಜಗಳ ಆಡ್ತಾ ಮಸೀತಾ ನಿಂತೆಯಲ್ಲ, ನಾನು ಅಂದುಕೊಂಡೆ ಇನ್ನು ಕೊರಡಿನ ಮೇಲಿರೋ ಕುರಿ ಎದ್ದು ಮನೆಗೆ ಹೋಗತ್ತೆ ಅಂತ."

ಸಾಲಿನವರೆಲ್ಲ ನಕ್ಕರು.

"ಎಷ್ಟು ಹೊತ್ತು ಮಸೆದೆ ಮೇಷ್ಟ್ರೇ?"

"ನಾನೇನು ಗಡಿಯಾರ ಹಿಡಿದು ನಿಂತಿದ್ದೆನಾ? ನಿನ್ನ ಕಲ್ಲಿನಿಂದ ಕರಿ ಕೆಸರು ತೊಟ್ಟಿಕ್ಕಿ ನನ್ನ ಚಪ್ಪಲಿ ಹಾಳಾಯ್ತು, ಅಷ್ಟು ಹೊತ್ತು."

ಎಂಟು ಎಳೆತಕ್ಕೆ ಕೆಸರು ತೊಟ್ಟಿಕ್ಕುವುದಿಲ್ಲ. ಆದರೆ ಸಿಟ್ಟು ಬಂದವನ ಕೈ ಹರಿತವಾದ ಮೇಲೂ ನಿಲ್ಲದೆ ಎಳೆಯುತ್ತಲೇ ಇರುತ್ತದೆ, ಅದೂ ನನಗೆ ಗೊತ್ತು. ಹಾಗಾಗಿ ಎಂಟೋ ನಲವತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಒಬ್ಬನೇ ಇದ್ದಾಗ ಖಾಲಿ ಕೈಯನ್ನು ಕಲ್ಲಿನ ಮೇಲೆ ಆಡಿಸಿ ನೋಡುತ್ತೇನೆ. ಕೈ ಯಾವಾಗಲೂ ಎಂಟಕ್ಕೆ ನಿಲ್ಲುತ್ತದೆ.

ಭಾವ ನನ್ನ ಹತ್ತಿರ ಜೀವಮಾನದಲ್ಲಿ ಕೇಳಿದ್ದು ಒಂದೇ ಒಂದು ಸಂಖ್ಯೆ. ಅದನ್ನು ಅವರಿಗೆ ನಾನು ಕೊಟ್ಟಿಲ್ಲ.